ಮೂರು ಬೋರ್ಡಿನ ಬಸ್‌ಸ್ಟಾಪು

ಕಾಪುವಿನಿಂದ ಶಿರ್ವದ ಕಡೆಗೆ ಹೋಗುವ ದಾರಿಯಲ್ಲಿ, ಗದ್ದೆಗಳು ಮುಗಿದು ಕೆಂಪು ಮುರಕಲ್ಲಿನ ಏರು ಶುರುವಾಗುವಲ್ಲಿ, ಒಂದು ಬಸ್‌ಸ್ಟಾಪು ಇದೆ. ಅದರ ಹೆಸರನ್ನು ಈ ಮೊದಲ ಸಾಲಿನಲ್ಲೇ ಬರೆದು ಮುಗಿಸಬಹುದಿತ್ತು. ಬರೆದರೆ ಊರಿನ ಮೂವರು ಮರ್ಯಾದಸ್ಥರಲ್ಲಿ ಇಬ್ಬರು ಇನ್ನು ನಮ್ಮ ಮನೆಯ ಊಟಕ್ಕೆ ಬರುವುದಿಲ್ಲ. ಆದ್ದರಿಂದ ಸದ್ಯಕ್ಕೆ ಸ್ಟಾಪು ಎಂದಷ್ಟೇ ಕರೆಯುತ್ತೇನೆ. ಆ ಮೂವರೂ ಬಾಯಲ್ಲಿ ಹೇಳುವುದು ಅದನ್ನೇ.

ಮೂವರಲ್ಲಿ ಮೊದಲನೆಯವರು ಲಿಯೋನೆಲ್ ಮಥಾಯಸ್. ಇದು ಅವರ ಕತೆ. ಮಸ್ಕತ್ತಿನಲ್ಲಿ ಪೈಪು ಮಾರುವ ಕಂಪೆನಿಯೊಂದರ ಗೋದಾಮನ್ನು ಕಪ್ಪು ಕೂದಲು ಇರುವವರೆಗೂ, ಆಮೇಲೆ ಅದಿಲ್ಲದೆಯೂ ನೋಡಿಕೊಂಡು, ಅರವತ್ತಾದ ಮೇಲೆ ಊರಿಗೆ ಬಂದವರು. ಅಲ್ಲಿ ಯಾರಾದರೂ ಊರು ಯಾವುದೆಂದು ಕೇಳಿದರೆ ಮೊದಲು ಮಂಗಳೂರು ಎನ್ನುತ್ತಿದ್ದರು. ಕೇಳಿದವನು ಮಂಗಳೂರಿನವನೇ ಆಗಿಬಿಟ್ಟರೆ ಉಡುಪಿ. ಅವನಿಗೆ ಉಡುಪಿಯೂ ಗೊತ್ತಿದ್ದರೆ ಕಾಪುವಿನ ಲೈಟ್‌ಹೌಸಿನ ಹತ್ತಿರ. ಅದಕ್ಕಿಂತ ಒಳಗೆ ಬರಲು ಯಾರೂ ಅವರನ್ನು ಬಿಟ್ಟಿರಲಿಲ್ಲ. ಫೋನಿನ ನಕ್ಷೆಯನ್ನು ಎಷ್ಟು ಹಿಗ್ಗಿಸಿದರೂ ಊರು ಇರಬೇಕಾದಲ್ಲಿ ಬರೀ ಹಸಿರು, ನಡುವೆ ರಸ್ತೆಯ ಒಂದು ಬಿಳಿ ಗೆರೆ.

ಶುಕ್ರವಾರ ರಜೆ. ಅಂದು ತಾಯಿ ಕಾನ್ಸೆಪ್ಟಾ ಬಾಯಿಗೆ ಫೋನು. ಆ ತಾಯಿ ಹೇಗಿದ್ದೀಯಾ ಎಂದು ಕೇಳುವವರಲ್ಲ, ಹವಾಮಾನದಿಂದಲೇ ಶುರು. "ಖುರ್ಸಾಕಡೆ ಮಳೆ ಬಂತು, ಪುತಾ." ಖುರ್ಸಾಕಡೆ ಎಂದರೆ ಕೊಂಕಣಿಯಲ್ಲಿ ಶಿಲುಬೆಯ ಬಳಿ. ಸ್ಟಾಪಿನ ಪಕ್ಕದಲ್ಲಿ ಸುಣ್ಣ ಬಳಿದ ಹಳೆಯ ಶಿಲುಬೆಯೊಂದಿದೆ. ಲಿಯೋನೆಲ್ ಆ ಬಿಳಿ ಗೆರೆಯ ಮೇಲೆ ಬೆರಳಿಟ್ಟುಕೊಂಡು ಮಳೆಯ ಸುದ್ದಿ ಕೇಳುತ್ತಿದ್ದರು. ಹೊರಗೆ ಮಸ್ಕತ್ತಿನ ಬಿಸಿಲು ಗೋಡೆಗಳನ್ನು ಬಿಳುಚಿಸುತ್ತಿತ್ತು.

ಊರಿಗೆ ಬಂದ ಮೇಲೆ ಅವರಿಗೆ ಇದ್ದ ಆಸೆ ಒಂದೇ. ತಾಯಿಯ ಬಾಯಲ್ಲಿದ್ದ ಆ ಹೆಸರು ನಕ್ಷೆಯಲ್ಲಿ ಬರಬೇಕು. ಬಂದದ್ದನ್ನು ತಾಯಿ ಕಣ್ಣಾರೆ ನೋಡಬೇಕು.

ಅವರು ಹಿಡಿದ ನಕ್ಷೆ ಯಾವ ಕಂಪೆನಿಯದೂ ಅಲ್ಲ. ಊರೂರಿನ ಜನ ಸೇರಿ ಬರೆಯುವಂಥದ್ದು. ಯಾರು ಬೇಕಾದರೂ ರಸ್ತೆ ಎಳೆಯಬಹುದು, ಹೆಸರಿಡಬಹುದು, ಇನ್ನೊಬ್ಬರು ಇಟ್ಟದ್ದನ್ನು ತಿದ್ದಬಹುದು. ಕೊನೆಯ ಸೌಲಭ್ಯವನ್ನು ಲಿಯೋನೆಲ್ ಮೊದಲಿಗೆ ಗಮನಿಸಿರಲಿಲ್ಲ. ಮಸ್ಕತ್ತಿನ ಕಂಪೆನಿಯ ಟೊಪ್ಪಿ ಹಾಕಿ, ಆರು ಜೇಬಿನ ಚಡ್ಡಿ ತೊಟ್ಟು, ಊರಿನ ಓಣಿ ಓಣಿಯನ್ನೂ ಫೋನು ಹಿಡಿದು ನಡೆದರು. ನಾಯಿಗಳು ಬೊಗಳಿದವು. ಹೆಂಗಸರು ಬಾವಿಕಟ್ಟೆಯಿಂದ ಸೆರಗು ಸರಿಮಾಡಿಕೊಂಡು, ಸರ್ವೆಯವರು ಬಂದಿದ್ದಾರೆ, ರಸ್ತೆ ಅಗಲವಾಗ್ತದಂತೆ ಎಂದರು. ಎಲ್ಲ ಮುಗಿಸಿ ಒಂದು ಸಂಜೆ ಸ್ಟಾಪಿನ ಮೇಲೆ ಬೆರಳಿಟ್ಟು 'ಖುರ್ಸಾಕಡೆ' ಎಂದು ಒತ್ತಿದರು. ಹೆಸರು ಬಂತು. ಫೋನನ್ನು ಹಿಡಿದುಕೊಂಡು ಒಳಗೆ ಓಡಿದರು.

ಕಾನ್ಸೆಪ್ಟಾ ಬಾಯಿ ಫೋನನ್ನು ಹತ್ತಿರ ಹಿಡಿದರು, ದೂರ ಹಿಡಿದರು. ಕಣ್ಣಿನಲ್ಲಿ ಪೊರೆ ಬಂದು ವರ್ಷವಾಗಿತ್ತು.

"ಹಾಲು ಚೆಲ್ಲಿದ ಹಾಗೆ ಕಾಣ್ತದೆ, ಪುತಾ."

"ಆಪರೇಶನ್ ಮಾಡಿಸುವ, ಮಾಯ್. ಪಟ್ಟಿ ಬಿಚ್ಚಿದ ಕೂಡಲೇ ಮೊದಲು ಇದನ್ನೇ ತೋರಿಸ್ತೇನೆ."

"ಮೊದಲು ಬಾತ್‌ರೂಮಿನ ದಾರಿ ತೋರಿಸು. ಆಮೇಲೆ ಇದು."

ಉಡುಪಿಯ ಕಣ್ಣಿನ ಡಾಕ್ಟರರು ದಿನ ಕೊಟ್ಟರು. ಆ ದಿನ ಬರುವುದರೊಳಗೆ ಹೆಸರು ಮಾಯವಾಯಿತು. ಅದರ ಜಾಗದಲ್ಲಿ 'ಗೋಳಿದಡಿ' ಕೂತಿತ್ತು.

ತುಳುವಿನಲ್ಲಿ ಗೋಳಿ ಎಂದರೆ ಆಲದ ಮರ. ಸ್ಟಾಪಿನ ಎದುರು ಹಿಂದೆ ಒಂದಿತ್ತು. ರಸ್ತೆ ಅಗಲ ಮಾಡುವಾಗ ಕಡಿದರು. ಹೆಸರು ಬದಲಿಸಿದವನು ಶೇಖರ ಮಾಸ್ಟ್ರ ಮಗ ಪ್ರಖ್ಯಾತ್. ಮಣಿಪಾಲದ ಆಫೀಸೊಂದರಲ್ಲಿ ಕೆಲಸ, ಎದೆಯ ಮೇಲೆ ತುಳು ಲಿಪಿ ಅಚ್ಚಾದ ಅಂಗಿ. ಮರ ಕಡಿಯುವ ದಿನ ಅವನು ಊರಲ್ಲೇ ಇದ್ದ. ಬೈಕು ನಿಲ್ಲಿಸಲು ಜಾಗವಾಯಿತೆಂದು ಹೇಳಿದ್ದನ್ನು ಕೇಳಿದವರಿದ್ದಾರೆ. ಲಿಯೋನೆಲ್ ಖುರ್ಸಾಕಡೆಯನ್ನು ತಿರುಗಿ ತಂದರು. ಪ್ರಖ್ಯಾತ್ ಗೋಳಿದಡಿಯನ್ನು ತಿರುಗಿ ತಂದ. ಹೀಗೆ ನಡೆಯುತ್ತಿರುವಾಗ ಮೂರನೆಯದೊಂದು ಹೆಸರು ಬಂದು ಎರಡನ್ನೂ ಒರೆಸಿಹಾಕಿತು: 'ವಟಪುರ'.

ಇದು ಶೇಖರ ಮಾಸ್ಟ್ರ ಕೊಡುಗೆ. ಮಾಸ್ಟ್ರು ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು. ಹೆಂಡತಿಯೊಡನೆ ತುಳು, ಸಭೆಯಲ್ಲಿ ಕನ್ನಡ, ಸಭೆ ದೊಡ್ಡದಾದರೆ ಸಂಸ್ಕೃತ. ಮಗ ನೆಟ್ಟದ್ದನ್ನು ತಂದೆಯೇ ಕಿತ್ತರೆಂದು ಊರು ನಕ್ಕಿತು. ಒಂದೇ ಮನೆಯ ಚಾವಡಿಯಲ್ಲಿ ತಂದೆ ಒಂದು ಹೆಸರು ಒತ್ತಿದರೆ, ಕೋಣೆಯೊಳಗಿಂದ ಮಗ ಇನ್ನೊಂದು ಒತ್ತುತ್ತಿದ್ದ. ನಡುವೆ ಮಾಸ್ಟ್ರ ಹೆಂಡತಿ ಮೋಹಿನಿಯಕ್ಕ ಇಬ್ಬರಿಗೂ ಚಹಾ ಕೊಡುತ್ತಿದ್ದರು.

ಹೆಸರು ಬದಲಿಸುವವರು ಕಾರಣ ಬರೆಯಬೇಕೆಂದು ಆ ನಕ್ಷೆ ಕೇಳುತ್ತದೆ. ಮೂವರೂ ಬರೆದರು. ತಾಯಿಭಾಷೆಯ ಮಾನ, ನೆಲದ ಋಣ, ಪೂರ್ವಿಕರ ನೆನಪು ಎಂದೆಲ್ಲ ಉದ್ದುದ್ದ ಬರೆದರು. ಎಲ್ಲವನ್ನೂ ಇಂಗ್ಲಿಷಿನಲ್ಲಿ ಬರೆದರು. ಲಿಯೋನೆಲರ ಮಗಳು ಕ್ಯಾರೆನ್ ಬಹ್ರೈನಿನಲ್ಲಿದ್ದಾಳೆ. ಅವಳ ಮಕ್ಕಳಿಗೆ ಕೊಂಕಣಿಯಲ್ಲಿ ಊಟದ ಹೆಸರುಗಳಷ್ಟೇ ಬರುತ್ತವೆ. ಅಜ್ಜ ಭಾಷೆಗಾಗಿ ಹೋರಾಡುವುದನ್ನು ಆ ಮಕ್ಕಳು ವಿಡಿಯೋದಲ್ಲಿ ನೋಡಿ, ಅಜ್ಜ ಗೆಲ್ಲುತ್ತಿದ್ದಾರಾ ಎಂದು ಇಂಗ್ಲಿಷಿನಲ್ಲಿ ಕೇಳಿದರು.

ಫೋನು ಕೆಳಗಿಟ್ಟು ಎದುರಾದಾಗ ಮಾತ್ರ ಮೂವರೂ ಬೇರೆಯೇ ಮನುಷ್ಯರು. ನಮ್ಮ ಕಡೆಯ ಮರ್ಯಾದೆ ಎಂದರೆ ಎದುರಿನವರ ಭಾಷೆಯಲ್ಲಿ ಮಾತಾಡುವುದು. ಲಿಯೋನೆಲ್ ಮಾಸ್ಟ್ರನ್ನು ತುಳುವಿನಲ್ಲಿ ಬೈದರು. ಪ್ರಖ್ಯಾತ್ ತನಗೆ ಬರುವ ಹರಕು ಕೊಂಕಣಿಯಲ್ಲಿ ಲಿಯೋನೆಲರಿಗೆ ಸವಾಲು ಹಾಕಿದ. ಒಬ್ಬರ ಭಾಷೆಯನ್ನು ಕೆಳಗಿಳಿಸುವ ಜಗಳವನ್ನು ಅದೇ ಭಾಷೆಯಲ್ಲಿ, ತಪ್ಪಿಲ್ಲದೆ ಆಡಲು ಹೆಣಗುವುದು ಬೇರೆ ಊರುಗಳಲ್ಲಿ ಉಂಟೋ ಇಲ್ಲವೋ ನನಗೆ ತಿಳಿಯದು.

ಈ ಮರ್ಯಾದೆಯೇ ಮುಂದೆ ಎಡವಟ್ಟು ಮಾಡಿತು. ಊರಿನ ಹಿರಿಯ ಜೀವ ಕಾನ್ಸೆಪ್ಟಾ ಬಾಯಿ. ಅವರ ಸಾಕ್ಷಿ ಸಿಕ್ಕಿದರೆ ನಕ್ಷೆಯವರು ಒಪ್ಪಿಯಾರೆಂದು ಮೂವರಿಗೂ ಹೊಳೆಯಿತು. ಲಿಯೋನೆಲ್ ಕ್ಯಾಮೆರಾ ಹಿಡಿದು ಕೊಂಕಣಿಯಲ್ಲಿ ಕೇಳಿದರು.

"ಮಾಯ್, ಈ ಜಾಗದ ಹೆಸರೆಂತ?"

"ಖುರ್ಸಾಕಡೆ. ನಿನಗೆ ಮರೆತುಹೋಯ್ತಾ?"

ಮರುದಿನ ಲಿಯೋನೆಲ್ ಮೀನು ತರಲು ಹೋದಾಗ ಪ್ರಖ್ಯಾತ್ ಅಂಗಳಕ್ಕೆ ಬಂದು ತುಳುವಿನಲ್ಲಿ ಕೇಳಿದ. "ಬಾಯಮ್ಮ, ಈ ಜಾಗೆದ ಪುದರ್ ದಾನೆ?"

"ಗೋಳಿದಡಿ ಅಲ್ವಾ, ಮಗಾ. ಕೂತುಕೋ, ಚಹಾ ಕುಡಿದು ಹೋಗು."

ಅನಂತರ ಮಾಸ್ಟ್ರು ಬಂದರು. ಇಸ್ತ್ರಿಯ ಅಂಗಿ, ಇಸ್ತ್ರಿಯ ಕನ್ನಡ.

"ಕಾನ್ಸೆಪ್ಟಾ ಬಾಯಿಯವರೇ, ಈ ಸ್ಥಳಕ್ಕೆ ಕನ್ನಡದಲ್ಲಿ ಯಾವ ಹೆಸರಿದೆ?"

"ನೀವು ಮಾಸ್ಟ್ರು. ನಿಮಗೆ ಗೊತ್ತಿಲ್ಲದ್ದು ನನಗೆ ಗೊತ್ತುಂಟಾ? ನೀವೇ ಹೇಳಿ."

"ವಟಪುರ."

"ಹಾಂ. ಅದೇ, ಅದೇ. ಒಳ್ಳೆ ಹೆಸರು."

ಮಾಸ್ಟ್ರು ವಿಡಿಯೋದ ಮೊದಲ ಭಾಗವನ್ನು ಕತ್ತರಿಸಿ, 'ವಟಪುರ' ಎಂಬಲ್ಲಿಂದ ಹಾಕಿದರು. ಒಬ್ಬಳೇ ಮುದುಕಿ, ಒಂದೇ ಕುರ್ಚಿ, ಮೂರು ಹೆಸರು. ಸಾಕ್ಷಿಯ ಮೇಲೆ ನಂಬಿಕೆ ಇಲ್ಲವೆಂದು ಲಿಯೋನೆಲ್ ತಾಯಿಯೊಡನೆ ಒಂದು ಹೊತ್ತು ಮಾತು ಬಿಟ್ಟರು.

"ಅವರವರಿಗೆ ಬೇಕಾದ್ದು ಹೇಳಿದೆ," ಎಂದರು ಕಾನ್ಸೆಪ್ಟಾ ಬಾಯಿ. "ಮನೆಗೆ ಬಂದವರಿಗೆ ಇಲ್ಲ ಅನ್ಲಿಕ್ಕೆ ಆಗ್ತದಾ?"

ಕರಾವಳಿಯ ನಕ್ಷೆಯ ಮೇಲೆ ಕಣ್ಣಿಡುವ ಸ್ವಯಂಸೇವಕರಲ್ಲಿ ಆಶ್ರಿತಾ ಎಂಬ ಹುಡುಗಿ ಇದ್ದಳು. ಕಾರ್ಕಳದವಳು, ಮಣಿಪಾಲದಲ್ಲಿ ಓದು, ಪರ್ಕಳದಲ್ಲಿ ರೂಮು. ಒಂದೇ ಚುಕ್ಕೆಯ ಹೆಸರು ಬಟ್ಟೆ ಬದಲಿಸಿದ ಹಾಗೆ ಬದಲಾಗುವುದನ್ನು ನೋಡಿ ಒಂದು ಭಾನುವಾರ ಬಸ್ಸು ಹತ್ತಿ ಬಂದಳು. ಸ್ಟಾಪಿನಲ್ಲಿ ಮೂವರೂ ಕಾದಿದ್ದರು.

"ಇಷ್ಟು ಜಗಳ ಎಂತಕ್ಕೆ ಅಂಕಲ್? ಮೂರು ಹೆಸರನ್ನೂ ಇಡ್ಲಿಕ್ಕೆ ಆಗ್ತದೆ," ಎಂದಳು ಆಶ್ರಿತಾ. "ಕನ್ನಡ, ತುಳು, ಕೊಂಕಣಿ, ಎಲ್ಲದಕ್ಕೂ ಬೇರೆ ಬೇರೆ ಜಾಗ ಉಂಟು. ಯಾವುದನ್ನೂ ಅಳಿಸಬೇಕಾಗಿಲ್ಲ. ದೊಡ್ಡದಾಗಿ ಮೇಲೆ ಕಾಣುವುದು ಮಾತ್ರ ಒಂದು."



"ಅಳಿಸುವ ಮಾತೇ ಇಲ್ಲ," ಎಂದರು ಮಾಸ್ಟ್ರು ಗಂಟಲು ಸರಿಮಾಡಿಕೊಂಡು. "ಎಲ್ಲ ಭಾಷೆಗಳೂ ಬೆಳಗಬೇಕು. ಕೆಳಗೆ."

"ನಾನು ಅದನ್ನೇ ಹೇಳುವುದು ಮಾರಾಯ್ರೆ," ಎಂದರು ಲಿಯೋನೆಲ್. "ಕೆಳಗೆ ಇರಲಿ. ಯಾರು ಬೇಡ ಹೇಳಿದ್ದು?"

"ನಿಮ್ಮದು ಕೆಳಗೆ ಇದ್ದರೆ ನಮಗೆ ಎಂತ ತೊಂದರೆಯೂ ಇಲ್ಲ ಅಂಕಲ್," ಎಂದ ಪ್ರಖ್ಯಾತ್. ತಂದೆಯ ಮುಖ ನೋಡಿ, "ಅಪ್ಪನದ್ದೂ," ಎಂದು ಸೇರಿಸಿದ.

ಆಶ್ರಿತಾ ಉಸಿರುಬಿಟ್ಟಳು. "ಹಾಗಾದರೆ ನಿಯಮ ಇದು. ಜಾಗದಲ್ಲಿ ಬೋರ್ಡಿನ ಮೇಲೆ ಎಂತ ಬರೆದಿದೆಯೋ ಅದೇ ಮೇಲೆ. ಇಲ್ಲಿ ಬೋರ್ಡು ಎಲ್ಲುಂಟು?"

ಎಲ್ಲರೂ ತಂಗುದಾಣದ ಕಡೆ ನೋಡಿದರು. ಅದನ್ನು ಕಟ್ಟಿಸಿದವರು ಲಿಯೋನೆಲರೇ, ಮಸ್ಕತ್ತಿನಲ್ಲಿದ್ದಾಗ. ದುಡಿದು ಬಂದವರು ಸತ್ತವರ ಹೆಸರಿನಲ್ಲಿ ಬಸ್ ತಂಗುದಾಣ ಕಟ್ಟಿಸುವುದು ನಮ್ಮಲ್ಲಿ ಪುಣ್ಯದ ಕೆಲಸ. ಸಿಮೆಂಟಿನ ಹಣೆಯ ಮೇಲೆ ಕೆಂಪಕ್ಷರದಲ್ಲಿ 'ದಿ. ಆಂಟನಿ ಮಥಾಯಸ್ ಸ್ಮರಣಾರ್ಥ' ಎಂದಿದೆ. ಅದರ ಮೇಲೆ ಊರಿನ ಹೆಸರಿಗೆಂದು ಬಿಟ್ಟ ಬಿಳಿ ಚೌಕ ಖಾಲಿ. ಯಾವ ಹೆಸರು ಬರೆಯುವುದೆಂದು ಪಂಚಾಯತಿನಲ್ಲಿ ಆಗಲೇ ಮಾತು ಬೆಳೆದು, ಅದನ್ನು ಯಾರೂ ಮುಟ್ಟಕೂಡದೆಂದು ತೀರ್ಮಾನವಾಗಿತ್ತು.

ಆಂಟನಿಯವರ ವಿಷಯ ಹೇಳಲೇಬೇಕು. ಲಿಯೋನೆಲರ ತಂದೆ. ಹಡಗಿನಲ್ಲಿ ಅಡುಗೆಯವರು. ಅಪರೂಪಕ್ಕೆ ರಜೆಯಲ್ಲಿ ಬಂದು, ಕಾಪುವಿನಲ್ಲಿ ಕಾರ್ಕಳದ ಬಸ್ಸು ಹತ್ತಿ, ಕಿಟಕಿಗೆ ತಲೆ ಒರಗಿಸಿದರೆ ನಿದ್ದೆ. ಎಚ್ಚರವಾಗುವುದು ಕಾರ್ಕಳದಲ್ಲಿ. ಅಲ್ಲಿಂದ ತಿರುಗಿ ಹೊರಟರೆ ಮತ್ತೆ ನಿದ್ದೆ, ಮತ್ತೆ ಕಾಪು. ಹಡಗಿನವರಿಗೆ ಅಲುಗಾಡುವ ಜಾಗದಲ್ಲೇ ನಿದ್ದೆ ಬರುವುದಂತೆ. ಕಾನ್ಸೆಪ್ಟಾ ಬಾಯಿ ಕೊಡೆ ಹಿಡಿದು ಸ್ಟಾಪಿನಲ್ಲಿ ನಿಂತು, ಗಾಜಿಗೆ ಒತ್ತಿದ ಗಂಡನ ಕೆನ್ನೆ ಒಮ್ಮೆ ಮೇಲಕ್ಕೂ ಒಮ್ಮೆ ಕೆಳಕ್ಕೂ ದಾಟಿಹೋಗುವುದನ್ನು ನೋಡಿದ್ದರು. ಕೊನೆಗೆ ಯಾರಾದರೂ ರಿಕ್ಷಾದಲ್ಲಿ ತಂದು ಬಿಡುತ್ತಿದ್ದರು. ಇಂಥವರ ನೆನಪಿಗೆ ಬಸ್ ತಂಗುದಾಣ.

"ಊರಿನ ಹೆಸರಿನ ಬೋರ್ಡು ಇಲ್ಲ ಅಲ್ವಾ," ಎಂದಳು ಆಶ್ರಿತಾ. "ಬೋರ್ಡು ಬಂದ ಮೇಲೆ ನೋಡುವ."

ಕಾರ್ಕಳದ ಹುಡುಗಿ, ನಮ್ಮ ಕಡೆಯವರನ್ನು ಬಲ್ಲವಳು, ಆದರೂ ಆಡಬಾರದ ಮಾತನ್ನು ಆಡಿಬಿಟ್ಟಳು. ಚೌಕ ಮುಟ್ಟಲು ಪಂಚಾಯತು ಬಿಡದು. ಆದರೆ ತಂಗುದಾಣದ ಎದುರಿನ ನೆಲ ಖಾಲಿಯಿತ್ತು. ಅಲ್ಲಿ ಲಿಯೋನೆಲ್ ಎರಡು ಕಂಬ ಹುಗಿದು ನೀಲಿ ತಗಡಿನ ಬೋರ್ಡು ನಿಲ್ಲಿಸಿದರು. ಅದರ ಪಕ್ಕ ಪ್ರಖ್ಯಾತನದು ಇನ್ನೂ ಎತ್ತರದ್ದು, ತುಳು ಲಿಪಿಯಲ್ಲಿ. ಊರಿನಲ್ಲಿ ಅದನ್ನು ಓದಬಲ್ಲವನು ಅವನೊಬ್ಬ, ಅವನೂ ಬೆರಳಿಟ್ಟು ಓದಬೇಕು. ಮೀನಿನ ಲಾರಿಯ ಕೇರಳದ ಡ್ರೈವರ್ ಒಬ್ಬ ಮಲಯಾಳದಂತೆ ಕಾಣುವ ಅದನ್ನು ತನ್ನ ಊರಿನ ಅಕ್ಷರವೆಂದು ತಿಳಿದು ಲಾರಿ ನಿಲ್ಲಿಸಿ, ಓದಲಾಗದೆ, ಬೇಸರದಿಂದ ಹೊರಟುಹೋದ. ಉಳಿದ ಜಾಗದಲ್ಲಿ ಹಳೆ ವಿದ್ಯಾರ್ಥಿಗಳ ಸಂಘದಿಂದ 'ವಟಪುರಕ್ಕೆ ಸುಸ್ವಾಗತ'. ಮಾಸ್ಟ್ರ ಭಾವಚಿತ್ರ ಅಕ್ಷರಕ್ಕಿಂತ ದೊಡ್ಡದಿತ್ತು.

ಮೂರೂ ನಿಂತ ಮೇಲೆ ತಂಗುದಾಣ ಕಾಣದಾಯಿತು. ಒಳಗೆ ಕೂತರೆ ಕತ್ತಲೆ, ತಗಡಿನ ಬೆನ್ನು, ಹೆಸರುಗಳ ಹಿಂಬದಿ. ಬಸ್ಸು ಬೇಕಾದವರು ಹೊರಗೆ ಬಿಸಿಲಲ್ಲಿ ನಿಲ್ಲುವುದನ್ನು ಅಭ್ಯಾಸ ಮಾಡಿಕೊಂಡರು. ಯಾರ ಬೋರ್ಡು ನಿಜವೆಂದು ತೀರ್ಮಾನಿಸಲು ಆಶ್ರಿತಾ ಇನ್ನೊಂದು ಭಾನುವಾರ ಬರುವವಳಿದ್ದಳು. ಅದಕ್ಕಿಂತ ಮೊದಲು ಕಣ್ಣಿನ ಆಪರೇಶನ್ನಿನ ದಿನ ಬಂತು.

ಕಾನ್ಸೆಪ್ಟಾ ಬಾಯಿ ಮಗನ ಕಾರು ಹತ್ತುವವರಲ್ಲ. ಮಸ್ಕತ್ತಿನಲ್ಲಿ ರಸ್ತೆಯ ಬಲಬದಿ ಓಡಿಸಿದ ಕೈ, ನಮ್ಮ ರಸ್ತೆಯಲ್ಲೂ ಆಗಾಗ ಮಸ್ಕತ್ತಿಗೆ ಹೊರಡುತ್ತಿತ್ತು. ಆದ್ದರಿಂದ ಬಸ್ಸು. ಬೆಳಿಗ್ಗೆಯೇ ತಾಯಿಯನ್ನು ತಂಗುದಾಣದ ಒಳಗೆ ನೆರಳಿನಲ್ಲಿ ಕೂರಿಸಿ, ಬಸ್ಸು ಬಂದಾಗ ಕೈ ತೋರಿಸಲೆಂದು ಲಿಯೋನೆಲ್ ಹೊರಗೆ ನಿಂತರು. ಮಾಸ್ಟ್ರು ಹಾಲು ತರಲು ಬಂದರು. ಪ್ರಖ್ಯಾತ್ ಬೈಕಿನಲ್ಲಿ ಮಣಿಪಾಲಕ್ಕೆ ಹೊರಟಿದ್ದವನು ನಿಲ್ಲಿಸಿದ.

"ನಿಮ್ಮ ಬೋರ್ಡು ನಮ್ಮದಕ್ಕೆ ತಾಗ್ತದೆ ಅಂಕಲ್."

"ನಿನ್ನದು ನನ್ನದಕ್ಕೆ ತಾಗುವುದು. ನಾನು ಮೊದಲು ಹುಗಿದದ್ದು."

"ಹುಗಿಯುವ ವಿಷಯ ಬಂದರೆ," ಎಂದರು ಮಾಸ್ಟ್ರು, "ಕನ್ನಡಕ್ಕೆ ಎರಡು ಸಾವಿರ ವರ್ಷ."

"ನಿಮ್ಮ ಬೋರ್ಡಿಗೆ ಎರಡು ವಾರ, ಮಾಸ್ಟ್ರೇ!"

ಮೂವರ ಕೈಗಳೂ ಮೇಲೆ ಎದ್ದಿದ್ದವು. ಕಾರ್ಕಳದಿಂದ ಬಂದ ಬಸ್ಸು ಏರು ಇಳಿದು ನಿಧಾನ ಮಾಡಿತು. ಎತ್ತಿದ ಕೈಗಳನ್ನು ಡ್ರೈವರ್ ನೋಡಿದ. ಒಂದೂ ಬಸ್ಸಿನ ಕಡೆ ತಿರುಗಿರಲಿಲ್ಲ. ಕಂಡಕ್ಟರ್ ಬೋರ್ಡುಗಳ ಹಿಂದೆ ಯಾರಾದರೂ ಇದ್ದಾರೆಯೇ ಎಂದು ಬಗ್ಗಿ ನೋಡಲಿಲ್ಲ. ಅದು ಅವನ ಕೆಲಸವೂ ಅಲ್ಲ. 'ರೈಟ್' ಎಂದ. ಬಸ್ಸು ಹೋಯಿತು.

ಹೋದ ಸದ್ದು ಕೇಳಿ ಲಿಯೋನೆಲ್ ತಿರುಗಿದರು. ಟೊಪ್ಪಿ ಬೀಸಿದರು, ಓಡಿದರು. ಪ್ರಖ್ಯಾತ್ ಬೈಕು ಚಾಲೂ ಮಾಡಿ ಬಸ್ಸನ್ನು ಹಿಡಿಯುತ್ತೇನೆಂದ. ಹಿಂದೆ ಕೂರಬೇಕಾದವರು ಎಂಬತ್ತು ದಾಟಿದವರೆಂದು ಆಮೇಲೆ ನೆನಪಾಯಿತು. ಆ ಹೊತ್ತಿಗೆ ರಿಕ್ಷಾವೂ ಇರಲಿಲ್ಲ, ಮುಂದಿನ ಬಸ್ಸಿಗೆ ಹೋದರೆ ಆಪರೇಶನ್ನಿನ ಸರದಿ ತಪ್ಪುತ್ತಿತ್ತು. ತಪ್ಪಿತು.

ಕಾನ್ಸೆಪ್ಟಾ ಬಾಯಿ ತಗಡುಗಳ ಸಂದಿಯಿಂದ ಕೋಲು ಮೊದಲು, ಆಮೇಲೆ ತಾವು ಹೊರಬಂದರು.

"ಮೊದಲು ಇಲ್ಲಿ ಹೆಸರು ಇರಲಿಲ್ಲ, ಬಸ್ಸು ಇತ್ತು," ಎಂದರು. "ಈಗ ಹೆಸರು ಉಂಟು."

ಕೋಲಿನಿಂದ ಮೂರು ತಗಡುಗಳನ್ನೂ ಒಂದೊಂದಾಗಿ ತಟ್ಟಿದರು.

"ಲಿಯೋ. ಇದೆಲ್ಲ ಇಲ್ಲಿಂದ ಹೋದ ಮೇಲೆ ನಾನು ಕಣ್ಣು ಮಾಡಿಸಿಕೊಳ್ಳುವುದು. ಅಷ್ಟರವರೆಗೆ ಹಾಲು ಚೆಲ್ಲಿದ್ದೇ ಇರಲಿ. ನಿಮ್ಮ ಮೂವರ ಮುಖ ಅದರಲ್ಲಿ ಚಂದ ಕಾಣ್ತದೆ."

ಮನೆಗೆ ಹೋಗಿ ಲಿಯೋನೆಲ್ ತಾಯಿಗೆ ವಿವರಿಸಿದರು. ಬೋರ್ಡು ತೆಗೆದರೆ ನಕ್ಷೆಯಲ್ಲಿ ಹೆಸರು ಮೇಲೆ ಬರುವುದಿಲ್ಲ. ಹೆಸರು ಮೇಲೆ ಬರಬೇಕೆಂದಿದ್ದು ನೀನು ನೋಡಲಿಕ್ಕಾಗಿ. ನೀನು ನೋಡಬೇಕಾದರೆ ಆಪರೇಶನ್ ಆಗಬೇಕು. ಆಪರೇಶನ್ ಆಗಬೇಕಾದರೆ ಬೋರ್ಡು ತೆಗೆಯಬೇಕು. ಹೇಳುತ್ತಾ ಹೇಳುತ್ತಾ ಶುರುಮಾಡಿದ ಬೋರ್ಡಿಗೇ ಬಂದು ತಲುಪಿದರು. ಕಾನ್ಸೆಪ್ಟಾ ಬಾಯಿ ಬೀನ್ಸಿನ ನಾರು ತೆಗೆಯುತ್ತಿದ್ದರು, ಬೆರಳಿನಲ್ಲೇ ಹುಡುಕಿ ಹುಡುಕಿ. ಕೆಲವು ನಾರು ಬಟ್ಟಲಲ್ಲೂ ಬೀನ್ಸು ನೆಲದಲ್ಲೂ ಬೀಳುತ್ತಿದ್ದವು. ಲಿಯೋನೆಲ್ ಅದನ್ನೇ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಎದ್ದು ಹಾರೆ ತೆಗೆದುಕೊಂಡರು.

ಮಾಸ್ಟ್ರೂ ಮಗನೂ ತಮ್ಮದನ್ನು ತೆಗೆಯಲು ಒಪ್ಪಿದರು, ಆದರೆ ಮೊದಲು ತೆಗೆಯಲು ಒಪ್ಪಲಿಲ್ಲ. ಕೊನೆಗೆ ಮೂವರೂ ತಮ್ಮ ತಮ್ಮ ಕಂಬ ಹಿಡಿದು ನಿಂತರು. ಮಾಸ್ಟ್ರು ಡ್ರಿಲ್ಲಿನ ದನಿಯಲ್ಲಿ ಒಂದು, ಎರಡು, ಮೂರು ಎಂದರು. ಮೂರು ಬೋರ್ಡುಗಳೂ ಒಟ್ಟಿಗೆ ಬಿದ್ದವು. ಮೋಹಿನಿಯಕ್ಕ ಮರುದಿನವೇ ವಟಪುರದ ತಗಡನ್ನು ಕೋಳಿಗೂಡಿನ ಮೇಲೆ ಹಾಸಿದರು, ಭಾವಚಿತ್ರ ಆಕಾಶಕ್ಕೆ ಕಾಣುವಂತೆ.

ಭಾನುವಾರ ಆಶ್ರಿತಾ ಬಂದಳು. ಜಾಗದಲ್ಲಿ ಓದಲು ಸಿಕ್ಕಿದ್ದು ಒಂದೇ ಬರಹ. ಬಹುಶಃ ಅವಳಿಗೂ ಸಾಕಾಗಿತ್ತು. ಅದರಲ್ಲಿದ್ದ ಹೆಸರನ್ನು ಕಂಡ ಹಾಗೆ ಮೇಲೆ ಹಾಕಿ, ಮೂರೂ ಹೆಸರುಗಳನ್ನು ಕೆಳಗೆ ಅವುಗಳ ಕೋಣೆಗಳಲ್ಲಿ ಮಲಗಿಸಿ, ಮುಂದಿನ ಬಸ್ಸಿಗೆ ಹೊರಟುಹೋದಳು. ನಕ್ಷೆಯಲ್ಲಿ ಈಗ ನಮ್ಮ ಊರಿನ ಹೆಸರು 'ದಿ. ಆಂಟನಿ ಮಥಾಯಸ್'.

ಆಶ್ಚರ್ಯವೆಂದರೆ ಯಾರೂ ತಿದ್ದಲಿಲ್ಲ. ಮಾಸ್ಟ್ರು, ತೀರಿಹೋದವರ ಹೆಸರು, ಎಂದರು. ಪ್ರಖ್ಯಾತ್, ಆಂಟನಿ ಪೊರ್ಬುಗಳು ಒಳ್ಳೆಯವರಿದ್ದರಂತೆ, ಎಂದ. ಸತ್ತವರ ಹೆಸರು ಒರೆಸುವ ಧೈರ್ಯ ನಮ್ಮ ಕಡೆ ಯಾರಿಗೂ ಇಲ್ಲ. ಅದಕ್ಕಿಂತ ಮುಖ್ಯವಾಗಿ, ಮೂವರಲ್ಲಿ ಯಾರೂ ಗೆದ್ದಿರಲಿಲ್ಲ. ಊರಿಗೆ ಇಷ್ಟು ನೆಮ್ಮದಿ ಬಹಳ ಕಾಲದಿಂದ ಸಿಕ್ಕಿರಲಿಲ್ಲ. ಪಾರ್ಸೆಲ್ ತರುವ ಹುಡುಗರು ಫೋನು ಮಾಡಿ, "ಆಂಟನಿಯಲ್ಲಿದ್ದೇನೆ, ಎಲ್ಲಿಗೆ ಬರಬೇಕು?" ಎಂದು ಕೇಳತೊಡಗಿದರು.

ಮುಂದಿನ ತಿಂಗಳು ಆಪರೇಶನ್ ಆಯಿತು. ಬಸ್ಸು ನಿಂತಿತು, ಕಂಡಕ್ಟರ್ ಕೈ ಹಿಡಿದು ಹತ್ತಿಸಿದ. ಪಟ್ಟಿ ಬಿಚ್ಚಿದ ದಿನ ಸಂಜೆ ಕಾನ್ಸೆಪ್ಟಾ ಬಾಯಿ ಅಂಗಳದಲ್ಲಿ ಕಪ್ಪು ಕನ್ನಡಕ ಹಾಕಿ ಕೂತು, ದಾಸವಾಳ ಇಷ್ಟು ಕೆಂಪಿತ್ತೇ ಎಂದು ನೋಡುತ್ತಿದ್ದರು.

"ಎಲ್ಲಿ, ತೋರಿಸ್ತೇನೆ ಹೇಳಿದ್ದಿ ಅಲ್ವಾ?"

ಲಿಯೋನೆಲ್ ಫೋನು ಹಿಡಿದುಕೊಂಡೇ ನಿಂತಿದ್ದರು. ತಿದ್ದಲು ಒಂದು ಒತ್ತು ಸಾಕಿತ್ತು. ಒತ್ತಿದರೆ ನಕ್ಷೆ ಕಾರಣ ಕೇಳುತ್ತಿತ್ತು. ತಾಯಿಗಾಗಿ ಎಂದು ಬರೆದು ಅಳಿಸಿದ್ದರು, ಇನ್ನೇನೋ ಬರೆದು ಅಳಿಸಿದ್ದರು. ಅಪ್ಪನನ್ನು ತೆಗೆಯುವುದಕ್ಕೆ ಇಂಗ್ಲಿಷಿನಲ್ಲೂ ಅವರಿಗೆ ಮಾತು ಸಿಕ್ಕಿರಲಿಲ್ಲ. ಕೊನೆಗೆ ಹಾಗೆಯೇ ಕೊಟ್ಟರು.

ಕಾನ್ಸೆಪ್ಟಾ ಬಾಯಿ ಪ್ರಾರ್ಥನೆಯ ಪುಸ್ತಕ ಓದುವ ಹಾಗೆ ತುಟಿ ಆಡಿಸಿ ಅಕ್ಷರ ಅಕ್ಷರ ಓದಿದರು. ಬಿಳಿ ಗೆರೆಯನ್ನು ಕಾಪುವಿನಿಂದ ಶಿರ್ವದವರೆಗೆ, ಆಚೆ ಕಾರ್ಕಳದವರೆಗೆ ಬೆರಳಿನಿಂದ ಎಳೆದು, ತಿರುಗಿ ಬಂದು, ಹೆಸರಿನ ಮೇಲೆ ನಿಂತರು.

"ಅಂತೂ ಇಳಿದ," ಎಂದರು.

"ನೀನು ಹೇಳುವ ಹೆಸರು ಕೆಳಗುಂಟು, ಮಾಯ್. ಬೇಕಾದರೆ ಈಗಲೇ ಮೇಲೆ ತರ್ತೇನೆ. ಇದನ್ನು ತೆಗೆಯಲಾ?"

"ಬೇಡ, ಪುತಾ," ಎಂದು ಕಾನ್ಸೆಪ್ಟಾ ಬಾಯಿ ಫೋನನ್ನು ಮಡಿಲಲ್ಲಿ ಮಗುಚಿಟ್ಟರು. "ಈಗ ಎಬ್ಬಿಸಿದರೆ ಪುನಃ ಬಸ್ಸು ಹತ್ತುತ್ತಾನೆ."